ಮಾಲ್ಡೀವ್ಸ್‌ಗೆ ಹೊಂಟೇವಿ: ಮಗನಿಗೆ ಸರ್ಫಿಂಗ್, ನನಗ ವಿಶ್ರಾಂತಿ. ಯಾವ ದ್ವೀಪ ಆರಿಸೋಣ?

ಉಣಕಲ್ ಕೆರೆ (ಹುಬ್ಬಳ್ಳಿ)

ಎಲ್ಲಾರಿಗೂ ನಮಸ್ಕಾರ್ರಿ. ನಾನು ಸಹಕಾರಿ ಬ್ಯಾಂಕಿನಾಗ ಕ್ಯಾಷಿಯರ್, ವಯಸ್ಸು 44. ನಮ್ಮ ಅತ್ತಿಯವರು ನಾಕು ವರ್ಷ ಹಾಸಿಗಿ ಹಿಡಿದಿದ್ರು. ಬ್ಯಾಂಕು, ಮನಿ, ದವಾಖಾನಿ, ಇಷ್ಟ ನನ್ನ ತಿರುಗಾಟ ಆಗಿತ್ತು. ಈ ಜನೇವರಿಯೊಳಗ ಅವರು ತೀರಿಕೊಂಡ್ರು. ಆಮ್ಯಾಲೆ ನನಗ ರಾತ್ರಿ ಎರಡಕ್ಕ ತಾನ ಎಚ್ಚರ ಆಗತದ, ಅವರಿಗೆ ಮಗ್ಗಲು ಬದಲಿಸೋ ಹೊತ್ತು ಅದು. ಮನಿಯವರು ನೋಡಿ ನೋಡಿ, "ಒಂದು ವಾರ ಏನೂ ಮಾಡದ ಕೂಡು. ಎಲ್ಲಿ ಅಂತ ನೀನ ಹೇಳು" ಅಂದ್ರು. ನಾನು ಸಮುದ್ರ ಅಂದೆ. ಗೋಕರ್ಣ ಬಿಟ್ರ ಬ್ಯಾರೆ ಸಮುದ್ರ ನೋಡಿದಾಕಿ ಅಲ್ಲ.

ಮಗನಿಗೆ 16. ಈಜುಕೊಳದಾಗ ಛಲೋ ಈಜತಾನ. ಫೋನಿನಾಗ ಸರ್ಫಿಂಗ್, ಅಂದ್ರ ಹಲಗಿ (ಬೋರ್ಡ್) ಮ್ಯಾಲೆ ನಿಂತು ಅಲೆ ಸವಾರಿ ಮಾಡೋದು, ಅದನ್ನ ನೋಡಿ ನೋಡಿ ಮಾಲ್ಡೀವ್ಸ್‌ಗೇ ಹೋಗಬೇಕು, ಅಲ್ಲೇ ಕಲೀಬೇಕು ಅಂತ ಹಟ ಹಿಡದಾನ. ಮಗಳಿಗೆ 11, ಅಕಿಗೆ ಮೀನಾ ನೋಡಬೇಕಂತ. ನನಗ ಮತ್ತ ಮನಿಯವರಿಗೆ ಈಜು ಬರಂಗಿಲ್ಲ. ಎಲ್ಲಾರೂ ಶುದ್ಧ ಸಸ್ಯಾಹಾರಿಗಳು.

ದಸರಾ ಸೂಟಿ ಇಲ್ಲಾ ಬ್ಯಾಸಗಿ ಸೂಟಿ, ಎಂಟು ದಿನ. ಮೂರೂವರೆ ಲಕ್ಷದ ಮ್ಯಾಲೆ ಹೋಗೂದು ಆಗಂಗಿಲ್ಲ. ನೀರಿನ ಮ್ಯಾಲೆ ಕಟ್ಟಿದ ಮನಿಗಳಿರೋ ರೆಸಾರ್ಟ್ ತಗೊಳ್ಳೋದೋ, ಜನ ಇರೋ ಊರಿನ ದ್ವೀಪದಾಗ ಗೆಸ್ಟ್ ಹೌಸ್ ತಗೊಳ್ಳೋದೋ? ಎಂಟು ದಿನದಾಗ ಹುಡುಗ ಕಲೀತಾನೇನು? ಊಟದ ಗತಿ ಏನು? ಹೋಗಿ ಬಂದವರು ದಯಮಾಡಿ ಖರೇ ಹೇಳ್ರಿ.

ಶಾಂಭವಿ ದಡ (ಮೂಲ್ಕಿ)

ಅಕ್ಕ, ನಿಮ್ಮ ರಾತ್ರಿ ಎರಡು ಗಂಟೆಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಅಮ್ಮನನ್ನು ನೋಡಿಕೊಂಡ ಮೇಲೆ ನನಗೂ ಹಾಗೇ ಎಚ್ಚರವಾಗುತ್ತಿತ್ತು, ಅದು ಹೋಗಲಿಕ್ಕೆ ವರ್ಷ ಬೇಕಾಯಿತು. ಹಾಗಾಗಿ ಈ ಪ್ರವಾಸ ಹಾಳಾಗಬಾರದು. ನನಗೆ ಗೊತ್ತಿದ್ದದ್ದನ್ನೆಲ್ಲ ಬರೆಯುತ್ತೇನೆ, ಉದ್ದವಾದರೆ ತಾಳ್ಮೆಯಿಂದ ಓದಿ.

ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್, 42 ವರ್ಷ. ನನ್ನ ಅಪ್ಪ ದಡದಿಂದ ಕೈರಂಪಣಿ ಬಲೆ ಎಳೆಯುತ್ತಿದ್ದವರು. ಮನೆಯಿಂದ ಕಡಲಿಗೆ ಕೂಗಳತೆ ದೂರ. ಆದರೆ ಮನೆಯ ಹೆಣ್ಣುಮಕ್ಕಳು ಬಲೆಯ ಹಗ್ಗ ಹಿಡಿದು ದಡದಲ್ಲಿ ನಿಲ್ಲಬಹುದಿತ್ತು, ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯುವ ಹಾಗಿರಲಿಲ್ಲ. ನಾನು ಕಡಲಿನೊಳಗೆ ಸರಿಯಾಗಿ ಇಳಿದದ್ದು 37ನೇ ವಯಸ್ಸಿನಲ್ಲಿ, ಸರ್ಫಿಂಗ್ ಕಲಿಯಲಿಕ್ಕೆ. ಅದಾಗಿ ಮೂರು ವರ್ಷಕ್ಕೆ, 2023ರ ದಸರಾ ರಜೆಯಲ್ಲಿ, ನಾನು, ಗಂಡ, ಮಗಳು ಮಾಲ್ಡೀವ್ಸ್‌ಗೆ ಹೋದದ್ದು. ಐದು ರಾತ್ರಿ ತುಲುಸ್ಧೂ ಎಂಬ ಊರಿನ ದ್ವೀಪದಲ್ಲಿ, ಮೂರು ರಾತ್ರಿ ರೆಸಾರ್ಟಿನಲ್ಲಿ. ಎರಡನ್ನೂ ಕಂಡು ಹೇಳುತ್ತಿದ್ದೇನೆ.

ಮೊದಲು ನಿಮ್ಮ ಮಗನ ವಿಷಯ. ಅವನು ಮೊದಲ ಅಲೆಯನ್ನು ಮಾಲ್ಡೀವ್ಸ್‌ನಲ್ಲಿ ಹಿಡಿಯುವುದು ಬೇಡ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದು ವಿವರಿಸುತ್ತೇನೆ, ಅವನಿಗೂ ಓದಲು ಕೊಡಿ.

ಅಲ್ಲಿಯ ಅಲೆ ಹುಟ್ಟುವುದು ಅಲ್ಲಿ ಅಲ್ಲ. ಸಾವಿರಾರು ಕಿಲೋಮೀಟರ್ ದಕ್ಷಿಣದಲ್ಲಿ, ಅಂಟಾರ್ಕ್ಟಿಕಾದ ಕಡೆಯ ದಕ್ಷಿಣ ಸಾಗರದಲ್ಲಿ ಚಳಿಗಾಲದ ಬಿರುಗಾಳಿ ಏಳುತ್ತದೆ. ಅದು ಎಬ್ಬಿಸಿದ ಅಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ ಬರುತ್ತವೆ. ಬರುಬರುತ್ತಾ ಒಂದು ಅಲೆಗೂ ಇನ್ನೊಂದಕ್ಕೂ ನಡುವಿನ ಅಂತರ ಹಿಗ್ಗಿ ಹದಿನಾಲ್ಕು ಹದಿನಾರು ಸೆಕೆಂಡ್ ಆಗುತ್ತದೆ. ಅಂತರ ಹೆಚ್ಚಾದಷ್ಟೂ ಅಲೆಯ ಬಲ ಆಳಕ್ಕೆ ಇಳಿದಿರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಕೇರಳದವರು ಕಳ್ಳಕ್ಕಡಲ್ ಎಂದು ಹೆದರುತ್ತಾರಲ್ಲ, ಗಾಳಿಯೇ ಇಲ್ಲದ ದಿನ ಕಡಲು ಉಕ್ಕಿ ಮನೆಗೆ ನುಗ್ಗುವುದು, ಅದು ಕೂಡ ಇದೇ ಅಲೆಗಳ ಕೆಲಸ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ, ನಮ್ಮ ಕರಾವಳಿಗೂ ಬರುತ್ತದೆ.

ಈಗ ವ್ಯತ್ಯಾಸ ನೋಡಿ. ನಮ್ಮ ಕಡೆ ಸಮುದ್ರದ ತಳ ಹತ್ತಾರು ಕಿಲೋಮೀಟರ್ ದೂರದಿಂದಲೇ ಮೆಲ್ಲಗೆ ಏರುತ್ತಾ ಬರುತ್ತದೆ. ಅಲೆ ಆ ತಳಕ್ಕೆ ಉಜ್ಜಿಕೊಂಡು ಸುಸ್ತಾಗಿ ದಡ ಸೇರುತ್ತದೆ, ಕೊನೆಗೆ ಮರಳಿನ ಮೇಲೆ ಒಡೆಯುತ್ತದೆ. ಬಿದ್ದರೆ ಮರಳು. ಮಾಲ್ಡೀವ್ಸ್‌ನಲ್ಲಿ ದ್ವೀಪಗಳು ಆಳ ಸಮುದ್ರದಿಂದ ನೆಟ್ಟಗೆ ಗೋಡೆಯ ಹಾಗೆ ಎದ್ದಿವೆ. ಅಲೆ ತನ್ನ ಪೂರ್ತಿ ಬಲ ಇಟ್ಟುಕೊಂಡೇ ಬಂದು ಹವಳದ ದಿಬ್ಬಕ್ಕೆ ತಾಗುತ್ತದೆ, ತಾಗಿದ ಕೂಡಲೇ ಎದ್ದು ಮಗುಚುತ್ತದೆ. ಎಷ್ಟೋ ಕಡೆ ಅಲೆ ಒಡೆಯುವಲ್ಲಿ ನೀರು ಸೊಂಟದಷ್ಟೂ ಇಲ್ಲ. ಬಿದ್ದರೆ ಹವಳ, ಕತ್ತಿಯ ಹಾಗೆ.

ತುಲುಸ್ಧೂನಲ್ಲಿ ಕೋಕಾ ಕೋಲಾ ಕಾರ್ಖಾನೆ ಉಂಟು, ಅದರ ಹತ್ತಿರ ಒಡೆಯುವ ಅಲೆಗೆ ಕೋಕ್ಸ್ ಎಂದೇ ಹೆಸರು. ಎದುರು ದ್ವೀಪದಲ್ಲಿ ಹಿಂದೆ ಕೋಳಿ ಫಾರ್ಮ್ ಇತ್ತಂತೆ, ಅಲ್ಲಿಯದು ಚಿಕನ್ಸ್. ಹಿಮ್ಮಫುಶಿ ದ್ವೀಪದಲ್ಲಿ ಜೈಲಿದ್ದ ಕಾರಣ ಅಲ್ಲಿಯದು ಜೈಲ್‌ಬ್ರೇಕ್ಸ್. ನಾವು ಇಳಿದ ದಿನ ಸಂಜೆ ಬೋರ್ಡ್ ಹಿಡಿದುಕೊಂಡು ಕೋಕ್ಸ್ ನೋಡಲು ಹೋದೆ. ಮೂರು ವರ್ಷ ಮೂಲ್ಕಿಯಲ್ಲಿ ಕಲಿತವಳು ನಾನು. ಬೋರ್ಡ್ ಕೆಳಗಿಟ್ಟು ದಡದಲ್ಲೇ ಕೂತೆ. ಅಲೆ ಬಗ್ಗಿ ಒಡೆಯುವಾಗ ಕಾಲ ಕೆಳಗಿನ ನೆಲ ನಡುಗುತ್ತದೆ. ಊರಿನ ಹುಡುಗರು, ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳ ವಯಸ್ಸಿನವರು, ಅದರೊಳಗೆ ಹೊಕ್ಕು ಆ ಕಡೆಯಿಂದ ಹೊರಗೆ ಬರುತ್ತಿದ್ದರು. 2024ರಲ್ಲಿ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್ ನಡೆದದ್ದು ಇದೇ ಊರಿನಲ್ಲಿ, ನಮ್ಮ ದೇಶದ ತಂಡವೂ ಹೋಗಿತ್ತು. ಹೊಸಬರು ಇಳಿಯುವ ನೀರಲ್ಲ ಅದು.

ಹಾಗಾದರೆ ನಾನು ಎಂತ ಮಾಡಿದೆ? ಮರುದಿನ ಗೆಸ್ಟ್ ಹೌಸಿನ ಹುಡುಗ ನನ್ನನ್ನೂ ಮಗಳನ್ನೂ ದೋಣಿಯಲ್ಲಿ ನಿಂಜಾಸ್ ಎಂಬ ಜಾಗಕ್ಕೆ ಕರೆದುಕೊಂಡು ಹೋದ. ಆ ಕಡೆಯಲ್ಲೆಲ್ಲ ಮೆದುವಾದ ಅಲೆ ಅದು, ಬಲಕ್ಕೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ದೋಣಿಯನ್ನು ಆಳದ ಕಾಲುವೆಯಲ್ಲಿ ನಿಲ್ಲಿಸುತ್ತಾರೆ, ನಾವು ಅಲ್ಲಿಂದ ಹಾರಿ ಕೈಯಲ್ಲಿ ನೀರು ತಳ್ಳಿಕೊಂಡು ಹೋಗಬೇಕು. ನೀರಿಗೆ ಇಳಿದು ತಲೆ ಬಗ್ಗಿಸಿದರೆ ಹತ್ತಡಿ ಕೆಳಗಿನ ಮೀನಿನ ಮೈಯ ಗೆರೆ ಕಾಣುತ್ತದೆ. ನಮ್ಮಲ್ಲಿ ನೀರು ಚಹಾ ಬಣ್ಣ, ಕಾಲು ಎಲ್ಲಿ ಇಡುತ್ತೇವೆ ಎಂದೇ ತಿಳಿಯುವುದಿಲ್ಲ. ಅಷ್ಟು ತಿಳಿಯಾದ ನೀರಿನಲ್ಲಿ ಮೊದಲ ಅಲೆ ಬಂದಾಗ ಹವಳ ಕಣ್ಣೆದುರೇ ಓಡುತ್ತದೆ, ಅದನ್ನು ನೋಡುತ್ತಾ ಎದ್ದು ನಿಲ್ಲಲಿಕ್ಕೇ ಮರೆತೆ. ಎರಡನೆಯದರಲ್ಲಿ ನಿಂತೆ. ಎಷ್ಟು ದೂರ ಹೋದೆನೋ, ಮಗಳು ದೋಣಿಯಿಂದ ಕೂಗಿದ್ದು ಮಾತ್ರ ಕೇಳಿತು.

ಅದೇ ದಿನ ತಪ್ಪೂ ಮಾಡಿದೆ. ಕೊನೆಯ ಅಲೆ ಮುಗಿದ ಮೇಲೆ ಮೂಲ್ಕಿಯ ಅಭ್ಯಾಸದಲ್ಲಿ ಕಾಲು ಕೆಳಗೆ ಬಿಟ್ಟು ಬೋರ್ಡಿನಿಂದ ಇಳಿದೆ. ಎಡಗಾಲಿನ ಅಡಿಯಲ್ಲಿ ನಾಲ್ಕು ಗೀರು. ಅಲ್ಲಿ ಯಾವತ್ತೂ ಕಾಲು ಕೆಳಗೆ ಮಾಡಿ ಹಾರಬಾರದು, ಮಲಗಿದ ಹಾಗೆ ನೀರಿನ ಮೇಲೆ ಬೀಳಬೇಕು, ಏಳುವಾಗ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಏಳಬೇಕು. ಈ ಎರಡು ಮಾತು ನಿಮ್ಮ ಮಗನಿಗೆ ಬಾಯಿಪಾಠ ಆಗಬೇಕು.

ಆದ್ದರಿಂದ ನನ್ನ ಸಲಹೆ ಇದು. ದಸರಾ ರಜೆಗೆ ಮಗನನ್ನು ಮೂಲ್ಕಿಗೆ ಕರೆದುಕೊಂಡು ಬನ್ನಿ, ನಾಲ್ಕೈದು ದಿನ. ನಮ್ಮ ಶಾಂಭವಿ, ನಂದಿನಿ ಎರಡೂ ನದಿ ಸೇರಿ ಸಸಿಹಿತ್ಲು ಹತ್ತಿರ ಕಡಲಿಗೆ ಬೀಳುತ್ತವೆ. ಅಳಿವೆಯ ಮರಳು ದಿಬ್ಬದ ಮೇಲೆ ಒಡೆಯುವ ಅಲೆ ಕಲಿಯುವವರಿಗೆ ಹೇಳಿ ಮಾಡಿಸಿದ್ದು. ದೇಶದಲ್ಲಿ ಸರ್ಫಿಂಗ್ ಶುರುವಾದ ಮುಖ್ಯ ಜಾಗಗಳಲ್ಲಿ ಇದೂ ಒಂದು. ಇಲ್ಲಿಯ ಮಂತ್ರ ಸರ್ಫ್ ಕ್ಲಬ್ಬನ್ನು ಜನ ಸರ್ಫಿಂಗ್ ಆಶ್ರಮ ಎಂದೇ ಕರೆಯುವುದು, ಅಮೆರಿಕದಿಂದ ಬಂದ ಒಬ್ಬ ಸ್ವಾಮೀಜಿ ಕಟ್ಟಿದ್ದು. ಊಟ ಪೂರ್ತಿ ಸಸ್ಯಾಹಾರ, ನಿಮಗೆ ಯೋಚನೆಯೇ ಇಲ್ಲ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸಸಿಹಿತ್ಲಿನಲ್ಲೇ ನಡೆಯಿತು. ಆವತ್ತು ನಮ್ಮೂರಿನ ಅಜ್ಜಿಯಂದಿರು ಛತ್ರಿ ಹಿಡಿದುಕೊಂಡು ಬಂದು ನೋಡಿದ್ದಾರೆ.

ಇಲ್ಲಿ ನಾಲ್ಕು ದಿನದಲ್ಲಿ ಹುಡುಗ ದೊಡ್ಡ ಮೆತ್ತನೆ ಬೋರ್ಡಿನ ಮೇಲೆ ನೊರೆನೀರಿನಲ್ಲಿ ಎದ್ದು ನಿಲ್ಲುತ್ತಾನೆ, ಈಜು ಬರುವವನಾದರೆ ಖಂಡಿತ. ಬೀಳುವುದು ಹೇಗೆ, ಸೆಳೆತಕ್ಕೆ ಸಿಕ್ಕಿದರೆ ಅದರ ಎದುರು ಈಜದೆ ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಹೋಗುವುದು ಹೇಗೆ, ಇನ್ನೊಬ್ಬ ಹಿಡಿದ ಅಲೆಗೆ ನುಗ್ಗದೆ ಕಾಯುವುದು ಹೇಗೆ, ಇದೆಲ್ಲ ಇಲ್ಲೇ ಕಲಿಯಲಿ. ಬೇಸಿಗೆಯಲ್ಲಿ ಮಾಲ್ಡೀವ್ಸ್. ಈಜುಕೊಳದ ಈಜು ಕಡಲಿಗೆ ಸಾಕಾಗುವುದಿಲ್ಲ ಎಂಬುದು ಅವನಿಗೆ ಇಲ್ಲಿ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ, ನೀವು ಹೇಳಬೇಕೆಂದಿಲ್ಲ.

ತಿಂಗಳು ಕೂಡ ಮುಖ್ಯ. ಜೂನ್, ಜುಲೈಯಲ್ಲಿ ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ, ಕಡಲು ಹುಚ್ಚೆದ್ದಿರುತ್ತದೆ. ಅದೇ ಹೊತ್ತಿಗೆ ಅಲ್ಲಿ ಸರ್ಫಿಂಗ್‌ಗೆ ಭರ್ತಿ ಕಾಲ. ಮಳೆಗಾಳಿ ಪಡುವಣದಿಂದ ಬೀಸುತ್ತದೆ, ಅವರು ಆ ಕಾಲಕ್ಕೆ ಹುಳಂಗು ಎನ್ನುತ್ತಾರೆ. ತುಲುಸ್ಧೂ ಇರುವ ಉತ್ತರ ಮಾಲೆ ಹವಳ ದ್ವೀಪಗಳ ಸರ್ಫಿಂಗ್ ಜಾಗಗಳೆಲ್ಲ ಮೂಡಣ ಅಂಚಿನಲ್ಲಿವೆ. ಅಲೆ ದಕ್ಷಿಣದಿಂದ ಸುತ್ತಿಕೊಂಡು ಬರುತ್ತದೆ, ಗಾಳಿ ದ್ವೀಪದ ಕಡೆಯಿಂದ ಅಲೆಯ ಮುಖಕ್ಕೆ ಬೀಸಿ ಅದನ್ನು ಕನ್ನಡಿಯಂತೆ ನಯ ಮಾಡುತ್ತದೆ. ಆದರೆ ಆಗಿನ ಅಲೆ ದೊಡ್ಡದು, ಕಲಿತವರಿಗೆ. ನಿಮ್ಮವರಿಗೆ ಏಪ್ರಿಲ್ ಒಳ್ಳೆಯದು. ಕಾಲ ಆಗಷ್ಟೇ ಶುರುವಾಗಿರುತ್ತದೆ, ಅಲೆ ಸಣ್ಣದಿರುತ್ತದೆ, ಮಳೆಯೂ ಕಡಿಮೆ.

ಇನ್ನು ರೆಸಾರ್ಟೋ ಊರೋ ಎಂಬ ಪ್ರಶ್ನೆ. ನಮಗೆ ತುಲುಸ್ಧೂನಲ್ಲಿ ಐದು ರಾತ್ರಿಗೆ ಕೊಟ್ಟ ಹಣ ರೆಸಾರ್ಟಿನ ಒಂದೂವರೆ ರಾತ್ರಿಗೆ ಸಮ ಆಯಿತು. ನಾಲ್ಕು ಜನಕ್ಕೆ ಮೂರೂವರೆ ಲಕ್ಷದಲ್ಲಿ ಎಂಟೂ ದಿನ ರೆಸಾರ್ಟ್ ಎಂದರೆ ಕಷ್ಟ. ಜಾಹೀರಾತಿನ ಬೆಲೆ ನೋಡಿ ಮೋಸ ಹೋಗಬೇಡಿ. ಅದರ ಮೇಲೆ ಸೇವಾ ಶುಲ್ಕ, ತೆರಿಗೆ ಬರುತ್ತದೆ, ದೋಣಿಯ ಖರ್ಚು ಬೇರೆ. ಹಸಿರು ತೆರಿಗೆ ಎಂದು ತಲೆಗೆ ದಿನಕ್ಕಿಷ್ಟು ಉಂಟು. 2025ರ ಜನವರಿಯಿಂದ ಅದು ಎರಡು ಪಟ್ಟಾಗಿದೆ, ರೆಸಾರ್ಟಿನಲ್ಲಿ 12 ಡಾಲರ್, ಊರಿನ ದ್ವೀಪದ ಸಣ್ಣ ಗೆಸ್ಟ್ ಹೌಸಿನಲ್ಲಿ 6. ನಾಲ್ಕು ಜನ, ಏಳು ರಾತ್ರಿ ಲೆಕ್ಕ ಹಾಕಿ ನೋಡಿ.

ಇನ್ನೊಂದು. ರೆಸಾರ್ಟಿನ ಪುಟದಲ್ಲಿ ಸರ್ಫಿಂಗ್ ಚಿತ್ರ ಇದ್ದ ಮಾತ್ರಕ್ಕೆ ಅಲ್ಲಿ ಅಲೆ ಉಂಟೆಂದು ತಿಳಿಯಬೇಡಿ. ನಾವಿದ್ದ ರೆಸಾರ್ಟಿನ ಚಿತ್ರದಲ್ಲಿ ಚಂದದ ಅಲೆ ಇತ್ತು. ಹೋಗಿ ನೋಡಿದರೆ ಅದು ದೋಣಿಯಲ್ಲಿ ನಲವತ್ತು ನಿಮಿಷ ದೂರ, ಪ್ರತಿ ಸಲಕ್ಕೂ ಬೇರೆ ಹಣ. ಕೆಲವು ರೆಸಾರ್ಟುಗಳ ಎದುರಿಗೇ ಅಲೆ ಉಂಟು, ಅಂಥ ಕಡೆ ಅದನ್ನು ತಮ್ಮ ಅತಿಥಿಗಳಿಗೆ ಮಾತ್ರ ಮೀಸಲಿಡುವುದೂ ಉಂಟು. ಬುಕ್ ಮಾಡುವ ಮೊದಲು ಅಲೆ ಎಷ್ಟು ದೂರ, ತಳ ಯಾವುದು, ಹೊಸಬರಿಗೆ ಹೇಳಿಕೊಡುವವರು ಇದ್ದಾರಾ, ದೋಣಿಗೆ ಬೇರೆ ಹಣವಾ, ಇದನ್ನೆಲ್ಲ ಪತ್ರ ಬರೆದು ಕೇಳಿ, ಉತ್ತರ ಇಟ್ಟುಕೊಳ್ಳಿ.

ಆದರೆ ರೆಸಾರ್ಟಿನ ಆ ಮೂರು ದಿನವನ್ನು ನಾನು ಬೈಯುವುದಿಲ್ಲ. ಅಕ್ಕ, ಬೆಳಿಗ್ಗೆ ಎದ್ದು ಯಾರಿಗೂ ತಿಂಡಿ ಮಾಡಬೇಕಾಗಿಲ್ಲ ಎಂಬುದು ನನ್ನ ಮೈಗೆ ತಿಳಿಯಲಿಕ್ಕೆ ಎರಡು ದಿನ ಬೇಕಾಯಿತು. ಮೂರನೆಯ ದಿನ ಮಧ್ಯಾಹ್ನ ನೀರಿನ ಹತ್ತಿರ, ಒಂದು ಗಿಡದ ನೆರಳಿನಲ್ಲಿ ಮಲಗಿ ಎರಡೂವರೆ ಗಂಟೆ ನಿದ್ದೆ ಮಾಡಿದೆ. ಹಗಲಲ್ಲಿ, ಹೊರಗೆ, ಅಷ್ಟು ಹೊತ್ತು ನಾನು ಮಲಗಿದ್ದು ಬಾಣಂತನದ ನಂತರ ಅದೇ ಮೊದಲು. ಆದ್ದರಿಂದ ಹೀಗೆ ಮಾಡಿ: ಐದು ರಾತ್ರಿ ಊರಿನ ದ್ವೀಪ, ಕೊನೆಯ ಎರಡು ರಾತ್ರಿ ರೆಸಾರ್ಟ್. ಮೊದಲೇ ರೆಸಾರ್ಟ್ ಮಾಡಬೇಡಿ, ಕೊನೆಗಿರಲಿ. ಹಣ ಸಾಲದಿದ್ದರೆ ರಾತ್ರಿ ಉಳಿಯದೆ ಒಂದು ಹಗಲಿಗೆ ಮಾತ್ರ ರೆಸಾರ್ಟಿಗೆ ಹೋಗಿ ಬರುವ ಪಾಸ್ ಸಿಗುತ್ತದೆ.

ಊರಿನ ದ್ವೀಪದಲ್ಲಿ ಭುಜ, ತೊಡೆ ಮುಚ್ಚುವ ಬಟ್ಟೆ ಹಾಕಬೇಕು. ನಮಗೆ ಅದು ಕಷ್ಟವೇ ಅಲ್ಲ. ನಾನು ಉದ್ದ ತೋಳಿನ ಈಜು ಅಂಗಿ, ಕಾಲು ಪೂರ್ತಿ ಮುಚ್ಚುವ ಲೆಗಿಂಗ್ಸ್ ಹಾಕಿಯೇ ಸರ್ಫಿಂಗ್ ಮಾಡುವುದು. ಭೂಮಧ್ಯರೇಖೆಗೆ ನಾಲ್ಕೇ ಡಿಗ್ರಿ ದೂರದ ಬಿಸಿಲು ಅದು, ಬಟ್ಟೆಯೇ ಒಳ್ಳೆಯ ಲೇಪ. ಮುಖಕ್ಕೆ ಬಿಳಿ ಸತುವಿನ ಲೇಪ ಹಚ್ಚಿ.

ಊಟ: ಅವರ ಬೆಳಗಿನ ತಿಂಡಿ ಮಾಸ್ ಹುನಿ. ತೆಂಗಿನ ತುರಿ, ಈರುಳ್ಳಿ, ಹಸಿಮೆಣಸು, ನಿಂಬೆ, ಜೊತೆಗೆ ಟ್ಯೂನಾ ಮೀನು. ರೋಶಿ ಎಂಬ ತೆಳು ಚಪಾತಿಯೊಟ್ಟಿಗೆ ತಿನ್ನುವುದು. ನಾವು ಮೀನು ತಿನ್ನುವವರು, ನಮಗೆ ಹಬ್ಬ. ನಿಮಗೆ ಮೀನು ಹಾಕದೆ ಕಲಸಿ ಕೊಡಿ ಎಂದರೆ ಕೊಡುತ್ತಾರೆ, ಥೇಟ್ ನಮ್ಮ ಕಾಯಿ ಚಟ್ನಿಯ ಅಣ್ಣ ತಮ್ಮ. ಆದರೆ ತರಕಾರಿ ಪಲ್ಯ, ಸಾರಿನಲ್ಲೂ ಒಣ ಮೀನಿನ ಪುಡಿ, ರಿಹಾಕುರು ಎಂಬ ಮೀನಿನ ಪಾಕ ಬೀಳಬಹುದು. ಮೊದಲ ದಿನವೇ ಅಡುಗೆಯವರನ್ನು ಕಂಡು ಮಾತಾಡಿ. ನೀವು ಹುಬ್ಬಳ್ಳಿಯವರು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಇದ್ದರೆ ನಾಲ್ಕು ಜನಕ್ಕೆ ಎಂಟು ದಿನ ಧೈರ್ಯ.

ಮಾಲೆಯ ಕನ್ನಡತಿ

ನಾನು ಇಲ್ಲಿಯ ರಾಜಧಾನಿ ಮಾಲೆಯಲ್ಲಿ ನರ್ಸ್, ಊರು ಶಿವಮೊಗ್ಗ, ಇಲ್ಲಿಗೆ ಬಂದು ಆರು ವರ್ಷ. ಟೀಚರ್ ಬರೆದದ್ದರಲ್ಲಿ ತಿದ್ದಲಿಕ್ಕೆ ಏನೂ ಇಲ್ಲ, ಕೆಲವು ಮಾತು ಸೇರಿಸುತ್ತೇನೆ.

ಭಾರತೀಯರಿಗೆ ಬಂದಿಳಿದ ಮೇಲೆ ಪ್ರವಾಸದ ವೀಸಾ ಉಚಿತ. ಪ್ರಯಾಣಕ್ಕೆ ಮೊದಲಿನ 96 ಗಂಟೆಯೊಳಗೆ ಇಮುಗಾ ಎಂಬ ಸರ್ಕಾರಿ ತಾಣದಲ್ಲಿ ವಿವರ ತುಂಬಬೇಕು. ಅದಕ್ಕೆ ಹಣ ಇಲ್ಲ. ಹಣ ಕೇಳುವ ತಾಣ ಸಿಕ್ಕರೆ ಅದು ನಕಲಿ. ಮಗನಿಗೆ, ಮಗಳಿಗೆ ಬೇರೆ ಬೇರೆ ತುಂಬಬೇಕು.

ಸಾಮಾನಿನಲ್ಲಿ ಮದ್ಯ ತರುವ ಹಾಗಿಲ್ಲ, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಪೂಜೆಗೆ ಇಟ್ಟುಕೊಳ್ಳುವ ವಿಗ್ರಹಗಳಿಗೂ ಇಲ್ಲಿ ಅನುಮತಿ ಇಲ್ಲ. ನಮ್ಮವರು ಕೈಚೀಲದಲ್ಲಿ ಸಣ್ಣ ಗಣಪತಿ ಇಟ್ಟುಕೊಂಡು ಬರುತ್ತಾರೆ, ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟರೆ ಮನಸ್ಸಿಗೆ ನೋವು. ಮನೆಯಲ್ಲೇ ಬಿಟ್ಟು ಬನ್ನಿ. ಹಿಂದಿರುಗುವಾಗ ಹವಳದ ಚೂರು, ಮರಳು, ಚಿಪ್ಪು ತೆಗೆದುಕೊಂಡು ಹೋಗಬೇಡಿ, ಮಗಳಿಗೆ ಮೊದಲೇ ಹೇಳಿ.

ವಿಮಾನ ಹಗಲಲ್ಲಿ ಇಳಿಯುವ ಹಾಗೆ ನೋಡಿಕೊಳ್ಳಿ. ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೇ ದೋಣಿಕಟ್ಟೆ, ಅಲ್ಲಿಂದ ತುಲುಸ್ಧೂಗೆ ಸ್ಪೀಡ್ ಬೋಟಿನಲ್ಲಿ ಅರ್ಧ ಗಂಟೆ. ಕತ್ತಲಾದ ಮೇಲೆ ಇಳಿದರೆ ಆ ರಾತ್ರಿ ನಿಲ್ದಾಣದ ಪಕ್ಕದ ಹುಲುಮಾಲೆಯಲ್ಲಿ ಉಳಿಯಬೇಕಾಗಬಹುದು. ಶುಕ್ರವಾರ ಇಲ್ಲಿ ವಾರದ ರಜೆ, ದೋಣಿಗಳು ಕಡಿಮೆ, ಮಧ್ಯಾಹ್ನ ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚುತ್ತಾರೆ. ರಮ್ಜಾನ್ ತಿಂಗಳಲ್ಲಿ ಊರಿನ ದ್ವೀಪಗಳಲ್ಲಿ ಹಗಲು ಹೋಟೆಲ್ ತೆರೆಯುವುದಿಲ್ಲ, ಆ ದಿನಗಳನ್ನು ತಪ್ಪಿಸಿ ಬನ್ನಿ.

ಹವಳದ ಗಾಯ ನನ್ನ ಕೆಲಸದ ವಿಷಯ. ಸಣ್ಣ ಗೀರು ಎಂದು ಬಿಡಬೇಡಿ. ಹವಳದ ಸಣ್ಣ ಸಣ್ಣ ಚೂರು ಒಳಗೆ ಉಳಿದು ಕೀವಾಗುತ್ತದೆ. ಕುಡಿಯುವ ನೀರು, ಸಾಬೂನಿನಲ್ಲಿ ಮೆತ್ತನೆ ಬಟ್ಟೆಯಿಂದ ಉಜ್ಜಿ ತೊಳೆಯಿರಿ, ನೋವಾದರೂ ಸರಿಯಾಗಿ ತೊಳೆಯಿರಿ. ಆಮೇಲೆ ಗಾಯದ ಮುಲಾಮು. ಸುತ್ತ ಕೆಂಪಗಾಗಿ ಬಿಸಿಯಾದರೆ, ಜ್ವರ ಬಂದರೆ ತಡಮಾಡದೆ ದ್ವೀಪದ ಆರೋಗ್ಯ ಕೇಂದ್ರಕ್ಕೆ ಹೋಗಿ. ಪ್ರಯಾಣ ವಿಮೆ ಮಾಡಿಸಿ, ಅದರಲ್ಲಿ ಸರ್ಫಿಂಗ್ ಸೇರಿದೆಯೇ ಎಂದು ಓದಿ ನೋಡಿ.

ಈಜು ಬಾರದ ದೊಡ್ಡವರ ಬಗ್ಗೆ ನನಗೆ ಮಕ್ಕಳಿಗಿಂತ ಹೆಚ್ಚು ಚಿಂತೆ. ನೀರು ತಿಳಿಯಾಗಿ, ಆಳವಿಲ್ಲದ ಹಾಗೆ ಕಾಣುತ್ತದೆ. ಹವಳದ ಅಂಚು ದಾಟಿದರೆ ಒಮ್ಮೆಲೇ ಆಳ. ಮುಖಕ್ಕೆ ಕನ್ನಡಕ, ಬಾಯಿಗೆ ನಳಿಕೆ ಹಾಕಿ ಮೀನು ನೋಡುವಾಗ ಲೈಫ್ ಜಾಕೆಟ್ ಇರಲೇಬೇಕು, ಪಕ್ಕದಲ್ಲಿ ಈಜು ಬಲ್ಲವರು ಇರಲೇಬೇಕು.

ತುಂಗೆಯ ಮಗ (ಬೆಂಗಳೂರು)

ಮಾಲ್ಡೀವ್ಸೇ ಆಗಬೇಕೆಂದಿಲ್ಲದಿದ್ದರೆ ಶ್ರೀಲಂಕಾದ ವೆಲಿಗಾಮ ನೋಡಿ ಮೇಡಂ. ಕೊಲ್ಲಿಯಂತಹ ದಡ, ತಳ ಮರಳು, ಹೊಸಬರೇ ತುಂಬಿರುತ್ತಾರೆ. ಖರ್ಚೂ ಕಡಿಮೆ, ಅನ್ನ ಬೇಳೆಸಾರು ಎಲ್ಲ ಕಡೆ ಸಿಗುತ್ತದೆ. ಆದರೆ ಕಾಲ ಉಲ್ಟಾ. ಆ ದಕ್ಷಿಣ ದಡ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚೆನ್ನ. ಮೇ ನಂತರ ಮಳೆಗಾಳಿ, ಆಗ ಜನ ಪೂರ್ವದ ಅರುಗಂ ಬೇ ಕಡೆ ಹೋಗುತ್ತಾರೆ. ನಾನು ಡಿಸೆಂಬರ್‌ನಲ್ಲಿ ಹೋಗಿ ಆರು ದಿನ ಕಲಿತೆ. ನಮ್ಮ ಅಮ್ಮ ದಡದಲ್ಲಿ ಕೂತು ಎಳನೀರು ಕುಡಿಯುತ್ತಾ ನಾನು ಎಷ್ಟು ಸಲ ಬಿದ್ದೆ ಎಂದು ಎಣಿಸಿದರು.

ಉಣಕಲ್ ಕೆರೆ (ಹುಬ್ಬಳ್ಳಿ)

ಅಕ್ಕೋರ, ನಿಮ್ಮ ಬರಹ ಮಗನಿಗೆ ಓದಿ ಹೇಳಿದೆ. ಮದಲ ಮಾರಿ ಸಣ್ಣ ಮಾಡಿದ. ಹವಳ ಕತ್ತಿ ಇದ್ದಂಗ ಅನ್ನೋದು ಕೇಳಿ ಸುಮ್ಮನಾದ. ಆಮ್ಯಾಲೆ ತಾನ ಮೂಲ್ಕಿ ಎಲ್ಲಿ ಬರತದ ಅಂತ ನಕಾಶೆ ನೋಡಿದ. ನರ್ಸ್ ತಂಗಿಗೂ, ತಮ್ಮಗೂ ಭಾಳ ಉಪಕಾರ. ಗಣಪತಿ ಮಾತು ಯಾರೂ ಹೇಳಿರಲಿಲ್ಲ, ನಾನು ಖರೇನ ತಗೊಂಡು ಹೋಗಾಕಿದ್ದೆ.

ಒಂದು ಮಾತು ಕೇಳತೀನಿ. ಅವರೆಲ್ಲ ನೀರಿನಾಗ ಇದ್ದಾಗ ಈಜು ಬರದ ನಾನು ಅಲ್ಲಿ ಏನು ಮಾಡಲಿ? ದಡದಾಗ ಕುಂತು ಅವರ ಚೀಲಾ ಕಾಯೋದು ಬ್ಯಾಡ ಅನಸತದ. ಅದನ್ನ ಇಷ್ಟು ವರ್ಷ ಮಾಡೀನಿ.

ಶಾಂಭವಿ ದಡ (ಮೂಲ್ಕಿ)

ಅಕ್ಕ, ಚೀಲ ಕಾಯಬೇಡಿ. ಗೆಸ್ಟ್ ಹೌಸಿನಲ್ಲಿ ಬಿಟ್ಟು ಬನ್ನಿ, ಅಷ್ಟು ಸಣ್ಣ ಊರಿನಲ್ಲಿ ಯಾರೂ ಮುಟ್ಟುವುದಿಲ್ಲ.

ನನ್ನ ಗಂಡನಿಗೂ ಈಜು ಬರುವುದಿಲ್ಲ. ಅವರು ಮಾಡಿದ್ದು ಹೇಳುತ್ತೇನೆ. ದ್ವೀಪದ ಒಳಬದಿಯಲ್ಲಿ, ಹವಳದ ದಿಬ್ಬ ಅಲೆಯನ್ನು ತಡೆದ ಮೇಲೆ ಉಳಿಯುವ ನೀರು ಕೆರೆಯ ಹಾಗೆ ನಿಂತಿರುತ್ತದೆ. ಸೊಂಟದಷ್ಟು ಆಳ, ಬೆಚ್ಚಗೆ, ಕೆಳಗೆ ಬಿಳಿ ಮರಳು. ಬೆಳಿಗ್ಗೆ ಏಳಕ್ಕೆ ಅದರಲ್ಲಿ ಕುತ್ತಿಗೆಯವರೆಗೆ ಕೂತುಕೊಳ್ಳುತ್ತಿದ್ದರು. ಎರಡನೆಯ ದಿನ ಲೈಫ್ ಜಾಕೆಟ್ ಹಾಕಿ ಬೆನ್ನ ಮೇಲೆ ತೇಲಲು ಕಲಿತರು. ಕಿವಿ ನೀರಿನೊಳಗೆ ಹೋದಾಗ ಹವಳದ ಕಡೆಯಿಂದ ಚಟಚಟ ಸದ್ದು ಕೇಳುತ್ತದೆ, ಹಂಚಿನ ಮೇಲೆ ಸಾಸಿವೆ ಸಿಡಿದ ಹಾಗೆ. ಐದೂ ದಿನ ಅವರು ಬೇರೆ ಎಲ್ಲಿಗೂ ಬರಲಿಲ್ಲ. ಮಗಳ ಜೊತೆ ನೀವೂ ಅಲ್ಲಿಂದಲೇ ಶುರು ಮಾಡಿ.

ಒಂದು ದಿನ ದೋಣಿಯಲ್ಲೂ ಹೋಗಿ, ನೀರಿಗೆ ಇಳಿಯಬೇಕೆಂದಿಲ್ಲ. ದೋಣಿ ಕಾಲುವೆಯಲ್ಲಿ ನಿಂತಾಗ ಅಲೆಯನ್ನು ಪಕ್ಕದಿಂದ ನೋಡುತ್ತೀರಿ, ಮಗ ನಿಮ್ಮ ಎದುರಿಗೇ ಹಾದು ಹೋಗುತ್ತಾನೆ. ದಡದಿಂದ ಅದು ಕಾಣುವುದಿಲ್ಲ. ಅವರ ದೋಣಿಗೆ ಧೋನಿ ಎಂದೇ ಹೆಸರು, ಕೇಳಿದಾಗ ನನಗೆ ಕುಣಿಯುವಷ್ಟು ಖುಷಿಯಾಯಿತು. ನಮ್ಮ ದಡಕ್ಕೂ ಆ ದ್ವೀಪಗಳಿಗೂ ಹಳೆಯ ನಂಟು. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಈಗಲೂ ಮಂಗಳೂರಿನ ಹಳೇ ಬಂದರಿನಿಂದ ಅಲ್ಲಿಗೆ ಸಾಮಾನು ಹೋಗುತ್ತದೆ. ಲಕ್ಷದ್ವೀಪದ ತೆಂಕಣ ತುದಿಯ ಮಿನಿಕಾಯ್‌ನಲ್ಲಿ ಆಡುವುದು ಮಾಲ್ಡೀವ್ಸ್‌ನ ದಿವೇಹಿ ಭಾಷೆಯನ್ನೇ, ಹೆಸರು ಮಾತ್ರ ಮಹಲ್.

ನಮ್ಮ ದೋಣಿಯವನು ಒಂದು ಕಥೆ ಹೇಳಿದ. 1973ರಲ್ಲಿ ಟೋನಿ ಹಿಂಡೆ ಎಂಬ ಆಸ್ಟ್ರೇಲಿಯಾದ ಸರ್ಫರ್ ಬರುತ್ತಿದ್ದ ಹಾಯಿಹಡಗು ಮಾಲ್ಡೀವ್ಸ್‌ನ ಹವಳಕ್ಕೆ ಬಡಿದು ನಿಂತಿತು. ಆಗ ಪ್ರವಾಸೋದ್ಯಮ ಶುರುವಾಗಿ ಒಂದೇ ವರ್ಷ. ಅವನು ಈ ಅಲೆಗಳನ್ನು ಕಂಡು ಇಲ್ಲೇ ಉಳಿದ, ಇಸ್ಲಾಂ ಸ್ವೀಕರಿಸಿ ಹುಸೇನ್ ಆದ, ಇಲ್ಲಿಯ ಹುಡುಗಿಯನ್ನು ಮದುವೆಯಾದ. 2008ರಲ್ಲಿ ತಾನು ದಿನಾ ಇಳಿಯುತ್ತಿದ್ದ ಪಾಸ್ತಾ ಪಾಯಿಂಟ್ ಅಲೆಯಲ್ಲೇ ಸರ್ಫಿಂಗ್ ಮಾಡುವಾಗ ತೀರಿಕೊಂಡ. ಹೇಳಿ ಮುಗಿಸಿ ದೋಣಿಯವನು ಸ್ವಲ್ಪ ಹೊತ್ತು ಆ ಕಡೆಯೇ ನೋಡುತ್ತಾ ನಿಂತ. ನಾನು ನನ್ನ ಅಪ್ಪನನ್ನು ನೆನೆದೆ. ಕಡಲಿನ ಮೇಲೆ ಐವತ್ತು ವರ್ಷ ಇದ್ದೂ ಅವರು ಅಲೆಯನ್ನು ಆಟಕ್ಕೆಂದು ನೋಡಿದವರಲ್ಲ. ನಾನು ಮೊದಲ ಸಲ ಬೋರ್ಡಿನ ಮೇಲೆ ನಿಂತ ದಿನ ದಡದಲ್ಲಿ ಇದ್ದರು. ಮನೆಗೆ ಬರುವವರೆಗೆ ಮಾತಾಡಲಿಲ್ಲ. ಊಟಕ್ಕೆ ಕೂತಾಗ, "ಮೂರನೆಯ ತೆರೆ ಬಿಡಬೇಕು ಮಗಾ, ನಾಲ್ಕನೆಯದು ಒಳ್ಳೆಯದು ಬರುತ್ತದೆ" ಎಂದರು. ನಾನು ಇವತ್ತಿಗೂ ಎಣಿಸಿ ಕಾಯುತ್ತೇನೆ.

ಉಣಕಲ್ ಕೆರೆ (ಹುಬ್ಬಳ್ಳಿ)

ಅಕ್ಕೋರ, ದಸರಾಕ್ಕ ನಾಕೂ ಮಂದಿ ಮೂಲ್ಕಿಗೆ ಬರ್ತೇವಿ, ರಾತ್ರಿ ಬಸ್ಸಿಗೆ ಟಿಕೀಟು ತಗದೇವಿ. ಮಾಲ್ಡೀವ್ಸ್ ಏಪ್ರಿಲ್‌ಗೆ ಇಟಗೊಂಡೇವಿ. ನಾನೂ ತೇಲೋದು ಕಲೀತೀನಿ ಅಂತ ಮನಿಯವರಿಗೆ ಹೇಳಿಬಿಟ್ಟೀನಿ. ಏನೇನು ತರಬೇಕು ಹೇಳ್ರಿ.

ಶಾಂಭವಿ ದಡ (ಮೂಲ್ಕಿ)

ಬನ್ನಿ ಅಕ್ಕ! ಮೈಗೆ ಅಂಟುವ ಉದ್ದ ತೋಳಿನ ಅಂಗಿ, ಲೆಗಿಂಗ್ಸ್ ತಲಾ ಎರಡು ಜೊತೆ, ಒದ್ದೆಯಾಗಿದ್ದು ಒಣಗುವುದಿಲ್ಲ. ಸೀರೆ, ದುಪಟ್ಟಾ ನೀರಿಗೆ ಬೇಡ, ಕಾಲಿಗೆ ಸುತ್ತಿಕೊಳ್ಳುತ್ತದೆ. ಮಗ ಹಿಂದಿನ ದಿನ ತಲೆಗೂ ಮೈಗೂ ಎಣ್ಣೆ ಹಚ್ಚಿಕೊಳ್ಳದಿರಲಿ, ಬೋರ್ಡ್ ಜಾರುತ್ತದೆ. ಖಡಕ್ ರೊಟ್ಟಿ ನಾಲ್ಕು ಹೆಚ್ಚಿಗೆ ತನ್ನಿ, ನನ್ನ ಮಗಳಿಗೆ ಇಷ್ಟ. ಬೆಳಿಗ್ಗೆ ಆರೂವರೆಗೆ ಅಳಿವೆಯ ಹತ್ತಿರ ಬಂದರೆ ಕಿತ್ತಳೆ ಬಣ್ಣದ ಉದ್ದ ಬೋರ್ಡ್ ಕಾಣುತ್ತದೆ. ಅದು ನಾನು. 'ಅಕ್ಕೋರ' ಎಂದು ಕೂಗಿ.